ವಿಂಚ್ ಹಗ್ಗದ ಒಳಸುತ್ತು ಕರಗಿದ್ದೇಕೆ?

ಮಳೆಗಾಲಕ್ಕೆ ಮುನ್ನ ಎಟಿವಿಯ (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಚಿಕ್ಕ ವಾಹನ) ವಿಂಚ್‌ನಿಂದ, ಅಂದರೆ ಮೋಟಾರಿನಿಂದ ಡ್ರಮ್ಮಿಗೆ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರದಿಂದ, ಸಿಂಥೆಟಿಕ್ ಹಗ್ಗವನ್ನು ಪೂರ್ತಿ ಬಿಚ್ಚಿ ನೋಡಿದಾಗ, ಹೊರಗಿನ ಸುತ್ತುಗಳೆಲ್ಲ ಸುಸ್ಥಿತಿಯಲ್ಲಿದ್ದು, ಡ್ರಮ್ಮಿಗೆ ತಾಗಿಕೊಂಡಿದ್ದ ಒಳಸುತ್ತು ಮಾತ್ರ ಗಾಜಿನಂತೆ ಹೊಳೆಯುತ್ತ ಬಿರುಸಾಗಿತ್ತು. ಹಗ್ಗ ಬದಲಿಸಲೇಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಹೊರಭಾಗಕ್ಕೆ ಏನೂ ಆಗದೆ ಒಳಭಾಗವೇ ಕೆಟ್ಟಿದ್ದೇಕೆ ಎಂಬುದು ತಿಳಿಯದೆ ಹೊಸ ಹಗ್ಗ ಕೊಳ್ಳುವುದರಲ್ಲಿ ಅರ್ಥವಿಲ್ಲ ಎನಿಸಿತು.

ಬಿಸಿಲಿನಿಂದ ಕೆಟ್ಟಿದ್ದರೆ ಮೊದಲು ಹಾಳಾಗಬೇಕಾದದ್ದು ಹೊರಸುತ್ತು. ಕೆಸರಿನ ಕಣಗಳು ಎಳೆಗಳ ನಡುವೆ ಹೊಕ್ಕು ತಿಂದಿದ್ದರೆ ಹಗ್ಗದ ಮೈಮೇಲೆ ನವಿರು ಏಳುತ್ತದೆಯೇ ಹೊರತು ಹೊಳಪು ಬರುವುದಿಲ್ಲ. ಉಳಿದದ್ದು ಎರಡೇ ಕಾರಣ: ಒತ್ತಡ ಅಥವಾ ಬಿಸಿ. ಭಾರ ಬಿದ್ದಾಗ ಮೇಲಿನ ಸುತ್ತುಗಳು ಒಳಸುತ್ತನ್ನು ಅದುಮುವುದರಿಂದಲೂ ನನ್ನದರಂಥ ಡೈನೀಮಾ (ತುಂಬ ಗಟ್ಟಿಯಾದ ಪಾಲಿಥಿಲೀನ್ ನಾರು) ಹಗ್ಗ ಹೊಳೆಯುತ್ತದೆ, ಬಿರುಸಾಗುತ್ತದೆ. ಆದರೆ ಕೈಯಲ್ಲಿ ಹಿಡಿದು ನಾಲ್ಕಾರು ಬಾರಿ ಆಚೀಚೆ ಬಗ್ಗಿಸಿದರೆ ಆ ಬಿರುಸು ಬಿಟ್ಟುಹೋಗಿ ಎಳೆಗಳು ಮತ್ತೆ ಬಿಡಿಯಾಗುತ್ತವೆ. ನನ್ನ ಹಗ್ಗದಲ್ಲಿ ಎಷ್ಟು ಬಗ್ಗಿಸಿದರೂ ಎಳೆಗಳು ಬಿಡಲಿಲ್ಲ, ಒಂದಕ್ಕೊಂದು ಬೆಸೆದುಕೊಂಡಿದ್ದವು. ಅಂದರೆ ಅದು ಕರಗಿತ್ತು.

ಈ ನಾರು ಕರಗುವುದು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ 70 ಡಿಗ್ರಿ ದಾಟಿದರೆ ಸಾಕು, ಅದರ ಬಲ ಕುಗ್ಗತೊಡಗುತ್ತದೆ. ಅಷ್ಟು ಬಿಸಿ ಎಲ್ಲಿಂದ ಬಂತು ಎಂದು ಮೋಟಾರನ್ನು ಮುಟ್ಟಿ ನೋಡಿದವರಿಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ನಮ್ಮ ಬಹುತೇಕ ಚಿಕ್ಕ ವಿಂಚ್‌ಗಳಲ್ಲಿ ಭಾರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಇರುವುದು ಡ್ರಮ್ಮಿನ ಹೊಟ್ಟೆಯೊಳಗೆ. ಒಳಗೆಳೆಯುವಾಗ ಆ ಬ್ರೇಕ್ ಬಿಡುವಾಗಿರುತ್ತದೆ. ಭಾರವನ್ನು ಹೊತ್ತುಕೊಂಡೇ ಹಗ್ಗವನ್ನು ಹೊರಬಿಡುವಾಗ ಮಾತ್ರ ಅದು ಉದ್ದಕ್ಕೂ ಉಜ್ಜುತ್ತಿರುತ್ತದೆ. ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ, ಕಡಿದ ಸಿಲ್ವರ್ ಓಕ್ ತುಂಡುಗಳನ್ನು ಮೇಲಿನ ದಾರಿಯಿಂದ ಕೆಳಗಿನ ದಾರಿಗೆ ಇಳಿಸಲು ಇದೇ ವಿಂಚ್ ಬಳಕೆಯಾಗುತ್ತಿತ್ತು. 250 ಕಿಲೊ ತೂಕದ ತುಂಡೊಂದು 4 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಹತ್ತಿರ ಹತ್ತಿರ 10 ಕಿಲೊಜೂಲ್. ನೆಲದ ಘರ್ಷಣೆ ಒಂದಿಷ್ಟನ್ನು ತೆಗೆದುಕೊಂಡರೂ ಅದರ ಜೊತೆಗೆ ಮೋಟಾರು ಬ್ರೇಕಿನ ವಿರುದ್ಧ ತಿರುಗುವ ಶ್ರಮವೂ ಬಿಸಿಯಾಗಿ ಸೇರುತ್ತದೆ. ಡ್ರಮ್ಮಿನ ಉಕ್ಕು 2 ಕಿಲೊ ಎಂದಿಟ್ಟುಕೊಂಡರೆ ಇಷ್ಟು ಶಕ್ತಿ ಅದನ್ನು ಸುಮಾರು 10 ಡಿಗ್ರಿ ಏರಿಸಬಲ್ಲದು. ನಡುವೆ ಆರಲು ಬಿಡದೆ ಒಂದರ ಹಿಂದೊಂದು ತುಂಡು ಇಳಿಸುತ್ತ ಹೋದರೆ ಒಳಸುತ್ತಿನ ಗತಿ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಈ ಲೆಕ್ಕ ಕಾಗದದ ಮೇಲೆ ಕೂಡಿಬಂದಾಗ ಆದ ಸಂತೋಷ ದೊಡ್ಡದು.

ಹಾಗಾದರೆ ಉಕ್ಕಿನ ಕೇಬಲ್ಲಿಗೆ ಮರಳುವುದೇ? ಅದಕ್ಕೆ ಬಿಸಿಯ ಚಿಂತೆಯಿಲ್ಲ, ನಿಜ. 2,500 ಪೌಂಡಿನ, ಅಂದರೆ ಸುಮಾರು 1,130 ಕಿಲೊ ಎಳೆತದ ವಿಂಚ್‌ಗೆ 4.8 ಮಿ.ಮೀ. ದಪ್ಪದ 7x19 ಹೆಣಿಗೆಯ (ತಲಾ 19 ತಂತಿಗಳ ಏಳು ಎಳೆ) ಕೇಬಲ್ ಒಗ್ಗುತ್ತದೆ, ಅದು ತುಂಡಾಗುವುದು 1,900 ಕಿಲೊ ಆಸುಪಾಸಿನಲ್ಲಿ. ಆದರೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಕೊಡುವುದು ನಡುವೆ ನಾರಿನ ತಿರುಳಿರುವ 6x19 ಹಗ್ಗ. 5 ಮಿ.ಮೀ. ದಪ್ಪದಲ್ಲಿ ಅದರ ಬಲ 1,400 ಕಿಲೊ ಕೂಡ ಮುಟ್ಟುವುದಿಲ್ಲ, ಮೇಲಾಗಿ ಚಿಕ್ಕ ಡ್ರಮ್ಮಿನ ಮೇಲೆ ಅದುಮಿ ಚಪ್ಪಟೆಯಾಗುತ್ತದೆ. ಕೇಬಲ್ ಹಳತಾದಂತೆ ಮುರಿದೆದ್ದ ತಂತಿಗಳು ಕೈಗವಸನ್ನೂ ತೂರಿ ಚುಚ್ಚುತ್ತವೆ. ತುಂಡಾದ ಉಕ್ಕಿನ ಕೇಬಲ್ ಬೀಸಿ ಬರುವ ರಭಸ ಕಂಡವರಾರೂ, ಹತ್ತಿರದಲ್ಲಿ ಕೆಲಸದವರು ನಿಂತಿರುವಾಗ ಅದನ್ನು ಹಗುರವಾಗಿ ತೆಗೆದುಕೊಳ್ಳಲಾರರು. 15 ಮೀಟರ್ ಉಕ್ಕು ಒಂದೂವರೆ ಕಿಲೊ ತೂಗಿದರೆ ಅಷ್ಟೇ ಉದ್ದದ, ಅದಕ್ಕಿಂತ ಬಲವಾದ ಡೈನೀಮಾ ತೂಗುವುದು ಕಾಲು ಕಿಲೊ. ಇಷ್ಟಾದರೂ, ಭಾರ ಇಳಿಸುವುದೇ ಮುಖ್ಯ ಕೆಲಸವಾಗಿರುವವರಿಗೆ ಉಕ್ಕೇ ಸರಿ ಎಂದು ನಾನು ನಂಬುತ್ತೇನೆ.

ದಪ್ಪ ಹಗ್ಗ ಹಾಕಿದರೆ ಹೆಚ್ಚು ಬಾಳುತ್ತದೆಂಬ ಸಲಹೆಯೂ ಬಂತು. ಡ್ರಮ್ಮಿನ ವ್ಯಾಸ 38 ಮಿ.ಮೀ. ಇದ್ದಾಗ 5 ಮಿ.ಮೀ. ಹಗ್ಗದ ಮೂರನೆಯ ಪದರ ತಲುಪುವಷ್ಟರಲ್ಲಿಯೇ ಎಳೆತದ ಬಲ ಮೊದಲ ಪದರದ ಮೂರನೇ ಎರಡರಷ್ಟಕ್ಕೆ ಇಳಿದಿರುತ್ತದೆ. 6 ಮಿ.ಮೀ. ಹಾಕಿದರೆ ಈ ನಷ್ಟ ಇನ್ನೂ ಬೇಗ ಬರುತ್ತದೆ, ಆದ್ದರಿಂದ ಆ ಸಲಹೆಯನ್ನು ಬಿಟ್ಟೆ.

ಮಾರಾಟಗಾರರ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟಿದೆ. ಡೈನೀಮಾ ಎಂದು ಬರೆದು ಕಳಿಸಿದ ಹಗ್ಗವೊಂದರ ತುಂಡನ್ನು ಚೆನ್ನಾಗಿ ನೆನೆಸಿ, ಗಾಳಿಯ ಗುಳ್ಳೆ ಹಿಂಡಿ ತೆಗೆದು ಬಕೆಟ್ ನೀರಿಗೆ ಹಾಕಿದರೆ ತಳ ಸೇರಿತು. ನಿಜವಾದ ಡೈನೀಮಾದ ಸಾಂದ್ರತೆ 0.97, ಅದು ತೇಲಲೇಬೇಕು. ಮುಳುಗಿದ್ದು ಪಾಲಿಯೆಸ್ಟರೋ ನೈಲಾನೋ ಇರಬೇಕು. ಪಾಲಿಪ್ರೊಪಿಲೀನ್ ಕೂಡ ತೇಲುವುದರಿಂದ ಈ ಪರೀಕ್ಷೆಯೊಂದೇ ಸಾಲದು, ಮುಟ್ಟಿದರೆ ಮೇಣದ ಜಾರಿಕೆ ಇದೆಯೇ, ಸಾದಾ ಗಂಟು ಹಾಕಿ ಎಳೆದರೆ ತಾನಾಗಿ ಜಾರುತ್ತದೆಯೇ ಎಂಬುದನ್ನೂ ನೋಡಬೇಕು. ಇನ್ನೊಬ್ಬರು, ಬೋಲ್ಟುಗಳ ಅಂತರ 124 ಮಿ.ಮೀ. ಇರುವ, ಹಗ್ಗವನ್ನು ಡ್ರಮ್ಮಿನತ್ತ ನಡೆಸುವ ಎಟಿವಿ ಫೇರ್‌ಲೀಡ್ ಬೇಕೆಂದು ಸ್ಪಷ್ಟವಾಗಿ ಬರೆದಿದ್ದರೂ ಜೀಪಿಗೆ ಹಾಕುವ 254 ಮಿ.ಮೀ. ಅಂತರದ್ದನ್ನು ಕಳಿಸಿದರು, ಮರಳಿ ಕಳಿಸುವ ಖರ್ಚನ್ನೂ ನನ್ನ ಮೇಲೆಯೇ ಹಾಕಿದರು. ಉಕ್ಕಿನ ಕೇಬಲ್ ಓಡಾಡಿ ಗೀರು ಬಿದ್ದ ರೋಲರುಗಳು ಹೊಸ ಹಗ್ಗವನ್ನು ಕೊಯ್ಯುತ್ತವೆಯಾದ್ದರಿಂದ ನಯವಾದ ಅಲ್ಯೂಮಿನಿಯಂ ಫೇರ್‌ಲೀಡ್ ಇಲ್ಲದೆ ಸಿಂಥೆಟಿಕ್ ಹಾಕುವ ಹಾಗಿಲ್ಲ.

ಹಳೆಯ ಹಗ್ಗದ ಕೆಡದ ಭಾಗವನ್ನು ಎಸೆಯಲು ಮನಸ್ಸಿಲ್ಲ. ಅದರಿಂದ ಕೊಂಡಿಯಂತೆ ಬಳಸುವ ಮೆದು ಶ್ಯಾಕಲ್‌ಗಳನ್ನು ಹೆಣೆದು, ಅವಕ್ಕೆ ಹೊಂದುವ ಅಲ್ಯೂಮಿನಿಯಂ ರಾಟೆಯೊಂದನ್ನು ಲೇತಿನಲ್ಲಿ ಮಾಡಿಸುವ ಯೋಜನೆ ಆಗಲೇ ನೋಟ್‌ಬುಕ್ಕಿನಲ್ಲಿದೆ. ಹಗ್ಗವನ್ನು ರಾಟೆಯಲ್ಲಿ ಮರಳಿಸಿ ಎರಡೆಳೆ ಮಾಡಿದರೆ ಚಿಕ್ಕ ವಿಂಚ್‌ನ ಎಳೆತ ಇಮ್ಮಡಿಗೆ ಹತ್ತಿರವಾಗುತ್ತದೆ.

ಕೊನೆಗೆ ಆಯ್ದದ್ದು 5 ಮಿ.ಮೀ.ಯ, ಹನ್ನೆರಡೆಳೆಯ ಅಸಲಿ ಡೈನೀಮಾ. ಮೊದಲ ಪದರಕ್ಕೆ ಬೇಕಾಗುವ ಸುಮಾರು 2 ಮೀಟರಿಗೆ ಬಿಸಿ ತಾಳುವ ಅರಮಿಡ್ ನಾರಿನ ಕವಚ ತೊಡಿಸಿದ್ದೇನೆ. ಅರಮಿಡ್ ಕರಗುವ ಜಾತಿಯದಲ್ಲ. ಕವಚದಿಂದ ಡ್ರಮ್ಮಿನಲ್ಲಿ ಜಾಗ ಕಡಿಮೆಯಾಗುವುದರಿಂದ ಉದ್ದವನ್ನು 12 ಮೀಟರಿಗೆ ಇಳಿಸಿದೆ. ಕೊಕ್ಕೆಯ ಕಡೆ ಗಂಟು ಹಾಕಿದರೆ ಅರ್ಧಕ್ಕರ್ಧ ಬಲ ಹೋಗುತ್ತದೆಂದು, ತುದಿಯನ್ನು ಹಗ್ಗದೊಳಗೇ ಹುದುಗಿಸಿ ಸ್ಪ್ಲೈಸ್ ಮಾಡಿದೆ. ಹುದುಗಿಸುವ ಉದ್ದ ವ್ಯಾಸದ 72 ಪಟ್ಟು, ಅಂದರೆ 36 ಸೆಂ.ಮೀ. ಹುದುಗಿದ ತುದಿಯನ್ನು ಎಳೆ ಎಳೆಯಾಗಿ ಕತ್ತರಿಸಿ ಮೊನಚು ಮಾಡದಿದ್ದರೆ ಹಗ್ಗ ಅದೇ ಜಾಗದಲ್ಲಿ ಸೋಲುತ್ತದೆ.

ಕವಚ ಬಿಸಿಯನ್ನು ತಡಮಾಡಿಸುತ್ತದೆಯೇ ಹೊರತು ತಡೆಯುವುದಿಲ್ಲ, ಹಾಗಾಗಿ ಮರ ಇಳಿಸುವ ಕೆಲಸವನ್ನೇ ವಿಂಚ್‌ನಿಂದ ತೆಗೆದಿದ್ದೇನೆ. ಈಗ ತುಂಡುಗಳು ಇಳಿಯುವುದು, ಗಟ್ಟಿ ಬುಡವೊಂದಕ್ಕೆ ಮೂರು ಸುತ್ತು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ನಿಧಾನವಾಗಿ ಸಡಿಲಿಸುವುದರಿಂದ. ಉಜ್ಜಾಟದ ಬಿಸಿ ಮರದ ತೊಗಟೆಗೂ ಆ ಹಗ್ಗದ ಉದ್ದಕ್ಕೂ ಹಂಚಿಹೋಗುತ್ತದೆ, ವಿಂಚ್‌ನ ಡ್ರಮ್ಮಿಗೆ ಬರುವುದಿಲ್ಲ. ಹೊಸ ಹಗ್ಗವನ್ನು ಇಳಿಜಾರಿನಲ್ಲಿ ಎಟಿವಿಯ ಭಾರವನ್ನೇ ಕೊಟ್ಟು ಬಿಗಿಯಾಗಿ ಸುತ್ತಿದ್ದಾಗಿದೆ. ಜೂನ್ ಮಳೆಗೆ ದಾರಿಯ ಮೇಲೆ ಕೊಂಬೆಗಳು ಬೀಳತೊಡಗಿದ ಮೇಲೆ ಮತ್ತೊಮ್ಮೆ ಪೂರ್ತಿ ಬಿಚ್ಚಿ, ಕವಚ ಸರಿಸಿ, ಒಳಸುತ್ತನ್ನು ಬಗ್ಗಿಸಿ ನೋಡಿ ಬರೆಯುತ್ತೇನೆ.