ನಂಬರ್ ಪ್ಯಾಡಿನ ಬಿಂದು ಯಾರ ಮಾತು ಕೇಳಬೇಕು?

ಪುಣೆಯ ಭೋಸರಿಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪ್‌ಗೆ ನಾನು ಅಳತೆ ದಾಖಲಿಸುವ ತಂತ್ರಾಂಶ ಬರೆದುಕೊಡುತ್ತೇನೆ. ಅವರ ಗ್ರಾಹಕರು ಜರ್ಮನಿಯವರು, ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮವನ್ನೂ ಸಾವಿರಗಳನ್ನು ಬೇರ್ಪಡಿಸಲು ಬಿಂದುವನ್ನೂ ಬಳಸುತ್ತಾರೆ. ಹಾಗಾಗಿ ತಪಾಸಣಾ ವರದಿಯಲ್ಲಿ 12.35 ಮಿಲಿಮೀಟರ್ ಎಂಬುದು 12,35 ಎಂದೇ ಇರಬೇಕು. ದಾಖಲೆ ತುಂಬಿಸುವ ವಿಜಯಪುರದ ಹೆಣ್ಣುಮಗಳು ಬಲಗೈಯನ್ನು ಕೀಬೋರ್ಡಿನ ಬಲತುದಿಯ ಅಂಕಿ ಕೀಲಿಗಳ ಗುಂಪಾದ ನಂಬರ್ ಪ್ಯಾಡಿನಿಂದ ಎತ್ತದೆ, ಕೀಬೋರ್ಡ್ ನೋಡದೆ ಅಂಕಿ ಒತ್ತುವವರು. "ಸರ್, ಪ್ಯಾಡಿನ್ಯಾಗ ಪಾಯಿಂಟ್ ಐತಿ, ಕಾಮಾ ಇಲ್ರಿ. ಸಾಲಿಗೊಮ್ಮೆ ಕೈ ಆ ಕಡೆ ಒಯ್ಯಬೇಕಾಗತೈತಿ" ಎಂದು ಅವರು ಹೇಳಿದ್ದು ಸಣ್ಣ ದೂರಿನಂತೆ ಕಂಡರೂ ಅದರ ಬೇರು ಆಳದಲ್ಲಿದೆ.

ಆ ಕೀಲಿಯ ಮೇಲೆ ಬಿಂದು ಅಚ್ಚಾಗಿದ್ದರೂ ಅದು ಕಂಪ್ಯೂಟರಿಗೆ ಬಿಂದುವನ್ನು ಕಳುಹಿಸುವುದಿಲ್ಲ. ಯುಎಸ್‌ಬಿ ಕೀಬೋರ್ಡ್ ಕಳುಹಿಸುವುದು ಒಂದು ಸ್ಥಾನಸಂಖ್ಯೆಯನ್ನು ಮಾತ್ರ. ವಿಂಡೋಸ್ ಅದನ್ನು 'ಡೆಸಿಮಲ್' ಎಂಬ ಕೀಲಿಯಾಗಿ ಗುರುತಿಸುತ್ತದೆ, ಅದು ಯಾವ ಅಕ್ಷರವಾಗಬೇಕೆಂಬುದನ್ನು ಕೀಬೋರ್ಡ್ ಲೇಔಟ್, ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ, ನಿರ್ಧರಿಸುತ್ತದೆ. ತೊಡಕು ಇರುವುದು ಇಲ್ಲಿ. ರೀಜನ್ ಸೆಟ್ಟಿಂಗ್‌ನಲ್ಲಿ ದಶಮಾಂಶ ಚಿಹ್ನೆಯನ್ನು ಅಲ್ಪವಿರಾಮಕ್ಕೆ ಬದಲಿಸಿದರೂ ಲೇಔಟ್ ಇಂಡಿಯನ್ ಇಂಗ್ಲಿಷ್ ಆಗಿರುವವರೆಗೆ ಪ್ಯಾಡಿನಿಂದ ಬಿಂದುವೇ ಬರುತ್ತದೆ, ಏಕೆಂದರೆ ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಸೆಟ್ಟಿಂಗ್‌ಗಳು. ನಮ್ಮಂಥವರಿಗಷ್ಟೇ ಈ ಪಾಡು ಎಂದೇನೂ ಇಲ್ಲ. ಫ್ರಾನ್ಸ್‌ನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸಿದರೂ ವಿಂಡೋಸ್‌ನ ರೂಢಿಯ ಫ್ರೆಂಚ್ ಲೇಔಟ್ ಪ್ಯಾಡಿನಲ್ಲಿ ಬಿಂದುವನ್ನೇ ಕೊಡುತ್ತದೆ. ಬೆಲ್ಜಿಯಂಗಂತೂ ಬಿಂದುವಿಗೊಂದು, ಅಲ್ಪವಿರಾಮಕ್ಕೊಂದು ಎಂದು ಬೇರೆ ಬೇರೆ ಲೇಔಟ್‌ಗಳಿವೆ. ಬ್ರೆಜಿಲ್‌ನವರು ಪ್ಯಾಡಿನಲ್ಲೇ ಎರಡೂ ಕೀಲಿಗಳನ್ನು ಇಟ್ಟುಕೊಂಡಿದ್ದಾರೆ, ನನ್ನ ಮಟ್ಟಿಗೆ ಎಲ್ಲರಿಗಿಂತ ಜಾಣರು ಅವರೇ.

ಎಕ್ಸೆಲ್ ಈ ಕೀಲಿಯನ್ನು ತಾನಾಗಿಯೇ ಸ್ಥಳೀಯ ಚಿಹ್ನೆಗೆ ಹೊಂದಿಸಿಕೊಳ್ಳುತ್ತದೆ. ಲಿಬ್ರೆಆಫೀಸ್‌ನ ಭಾಷಾ ಆಯ್ಕೆಗಳಲ್ಲಿ ಇದಕ್ಕೊಂದು ಟಿಕ್ ಗುರುತಿದೆ, ಲಿನಕ್ಸ್‌ನಲ್ಲಿ ಪ್ಯಾಡಿನ ಚಿಹ್ನೆಯನ್ನು ಆರಿಸುವ 'ಕೆಪಿಡಿಎಲ್' ಎಂಬ ಲೇಔಟ್ ಆಯ್ಕೆ ಇದೆ. ಬ್ರೌಸರಿನೊಳಗಿನ ಫಾರ್ಮ್‌ಗೆ ಮಾತ್ರ ಇಂಥ ಆಸರೆ ಇಲ್ಲದ್ದರಿಂದ ಆ ಕೆಲಸ ನಮ್ಮ ತಲೆಗೇ ಬರುತ್ತದೆ.

ಅಂಕಿಗಾಗಿಯೇ ಇರುವ 'ನಂಬರ್' ಇನ್‌ಪುಟ್ ಇದಕ್ಕೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಕಾಣುವ ಚಿಹ್ನೆಯನ್ನು ಕೆಲವು ಬ್ರೌಸರ್‌ಗಳು ಪುಟದ ಭಾಷೆಯಿಂದ ತೆಗೆದುಕೊಂಡರೆ ಕೆಲವು ತಮ್ಮ ಸ್ವಂತ ಭಾಷೆಯಿಂದ ತೆಗೆದುಕೊಳ್ಳುತ್ತವೆ. ಮೇಲಾಗಿ, ಕರ್ಸರ್ ಎಲ್ಲಿದೆ ಎಂಬುದನ್ನು ಅದು ಸ್ಕ್ರಿಪ್ಟಿಗೆ ತಿಳಿಸುವುದೇ ಇಲ್ಲವಾದ್ದರಿಂದ ಅಂಕಿಯ ನಡುವೆ ಚಿಹ್ನೆ ಸೇರಿಸುವುದು ಸಾಧ್ಯವಾಗುವುದಿಲ್ಲ. ಆದ್ದರಿಂದ ಸಾಮಾನ್ಯ ಟೆಕ್ಸ್ಟ್ ಇನ್‌ಪುಟ್ ಇಟ್ಟು, ಅದರ ಇನ್‌ಪುಟ್‌ಮೋಡ್ (ಪರದೆಯ ಮೇಲೆ ಯಾವ ಬಗೆಯ ಕೀಬೋರ್ಡ್ ಬರಬೇಕೆಂಬ ಸೂಚನೆ) ಅನ್ನು 'ಡೆಸಿಮಲ್' ಎಂದು ಬರೆದು, ಕೀಲಿ ಒತ್ತಿದ ಘಟನೆಯಲ್ಲಿ ಕೋಡ್ (ಕೀಲಿಯ ಸ್ಥಾನದ ಹೆಸರು) 'ನಂಪ್ಯಾಡ್‌ಡೆಸಿಮಲ್' ಆಗಿದೆಯೇ ಎಂದು ನೋಡುವುದು ಸರಿಯಾದ ದಾರಿ. ಕೋಡ್ ನೋಡಿದರೆ ಮಾತ್ರ ಸಾಲದು. ಪ್ಯಾಡಿನಿಂದ ಅಂಕಿ ಬರುವಂತೆ ಮಾಡುವ ನಮ್‌ಲಾಕ್ ಆರಿದ್ದಾಗ ಅದೇ ಕೀಲಿ ಡಿಲೀಟ್ ಆಗಿ ಕೆಲಸ ಮಾಡುತ್ತದೆ, ಕೋಡ್ ಮಾತ್ರ ಬದಲಾಗುವುದಿಲ್ಲ. ಹೀಗಾಗಿ ಬಂದ ಅಕ್ಷರ ಬಿಂದುವೋ ಅಲ್ಪವಿರಾಮವೋ ಎಂದು ಪರೀಕ್ಷಿಸದಿದ್ದರೆ ಅಳಿಸಲು ಹೋದವರ ಅಂಕಿಯಲ್ಲಿ ಅಲ್ಪವಿರಾಮ ಬಂದು ಕೂರುತ್ತದೆ. ಸ್ಕ್ರಿಪ್ಟ್ ಜಾಗದಲ್ಲಿರುವ ಅಂಕಿಯನ್ನು ನೇರವಾಗಿ ತಿದ್ದಿದರೆ ಕಂಟ್ರೋಲ್-ಝಡ್ ಒತ್ತಿ ಹಿಂದಕ್ಕೆ ಹೋಗುವ ಅನುಕೂಲವೂ ಕೆಡುತ್ತದೆ. ಬಳಕೆಯಿಂದ ಕೈಬಿಡಬೇಕೆಂದು ಗುರುತಿಸಲಾಗಿರುವ 'ಎಕ್ಸೆಕ್‌ಕಮಾಂಡ್' ಎಂಬ ಬ್ರೌಸರ್ ಆದೇಶ ಈ ಒಂದು ವಿಷಯದಲ್ಲಿ ಇನ್ನೂ ಉಪಯೋಗಕ್ಕೆ ಬರುತ್ತದೆ.

ಯಾವ ಚಿಹ್ನೆ ಹಾಕಬೇಕೆಂಬ ಪ್ರಶ್ನೆಗೆ ಕಂಪ್ಯೂಟರಿನ ಸೆಟ್ಟಿಂಗ್ ನೋಡಿದರಾಯಿತು ಎನ್ನುವವರಿದ್ದಾರೆ. ಭೋಸರಿಯ ಈ ಮೇಜಿನಲ್ಲಿ ಅದು ನಡೆಯದು, ಏಕೆಂದರೆ ಅದೇ ಕಂಪ್ಯೂಟರಿನಲ್ಲಿ ಜರ್ಮನ್ ವರದಿಯ ಪಕ್ಕದಲ್ಲೇ 1,25,000.50 ರೂಪಾಯಿಯ ಬಿಲ್ಲೂ ತೆರೆದಿರುತ್ತದೆ. ಆದಕಾರಣ ನಾನು ದಾಖಲೆಯ ಭಾಷೆಯನ್ನು ಪ್ರಮಾಣವಾಗಿಟ್ಟುಕೊಂಡು, ಆ ಭಾಷೆಯ ಚಿಹ್ನೆಯನ್ನು ಜಾವಾಸ್ಕ್ರಿಪ್ಟ್‌ನ 'ಇಂಟಲ್' ಎಂಬ, ಆಯಾ ಭಾಷೆಯಲ್ಲಿ ಅಂಕಿ ಬರೆಯುವ ರೀತಿಯನ್ನು ತಿಳಿಸುವ ಸೌಲಭ್ಯದಿಂದ ಕೇಳಿ ಪಡೆಯುತ್ತೇನೆ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು 2003ರಲ್ಲಿ ಬಿಂದು ಮತ್ತು ಅಲ್ಪವಿರಾಮ ಎರಡನ್ನೂ ಮಾನ್ಯ ಮಾಡಿರುವಾಗ ಒಂದೇ ಚಿಹ್ನೆಗೆ ಪಟ್ಟು ಹಿಡಿಯುವುದಕ್ಕೆ ಅರ್ಥವೂ ಇಲ್ಲ.

ಈ ಬದಲಾವಣೆ ಪ್ಯಾಡಿನ ಆ ಒಂದು ಕೀಲಿಗೆ, ಅದೂ ಅಂಕಿಯ ಜಾಗಗಳಲ್ಲಿ ಮಾತ್ರ ಸೀಮಿತವಾಗಿರಬೇಕು. ದಿನಾಂಕಕ್ಕೂ ಐಪಿ ವಿಳಾಸಕ್ಕೂ ಬಿಂದು ಬಿಂದುವಾಗಿಯೇ ಬೇಕು. ಮುಖ್ಯ ಕೀಬೋರ್ಡಿನ ಬಿಂದುವನ್ನು ಒತ್ತಿದವರು ಬೇಕೆಂದೇ ಒತ್ತಿರುತ್ತಾರೆ. ಬೇರೆಡೆಯಿಂದ ಅಂಟಿಸಿದ ಅಂಕಿಯಲ್ಲಂತೂ ಊಹೆಗೆ ಕೈಹಾಕಲೇಬಾರದು. ಜರ್ಮನ್ ರೂಪದ ಎಕ್ಸೆಲ್‌ನಲ್ಲಿ 3.5 ಎಂಬುದನ್ನು ಅಂಟಿಸಿದರೆ ಅದು ಮೇ 3 ಆಗಿಬಿಡುತ್ತದೆ, ಅದನ್ನಾದರೂ ಕಂಡುಹಿಡಿಯಬಹುದು. ಆದರೆ 1.250 ಎಂಬುದು ಸದ್ದಿಲ್ಲದೆ ಒಂದು ಸಾವಿರದ ಇನ್ನೂರ ಐವತ್ತಾಗುತ್ತದೆ, ನೋಡುವವರಿಗೆ ಅದು ಸರಿಯಾದ ಸಂಖ್ಯೆಯಂತೆಯೇ ಕಾಣುತ್ತದೆ.

ಹೀಗಾಗಿ ನನ್ನ ಫಾರ್ಮ್ ಸಾವಿರಗಳನ್ನು ಬೇರ್ಪಡಿಸುವ ಚಿಹ್ನೆಯನ್ನು ಸ್ವೀಕರಿಸುವುದೇ ಇಲ್ಲ: ಜರ್ಮನ್ ವರದಿಯ ಅಂಕಿಯಲ್ಲಿ ಬಿಂದು ಕಂಡರೆ ಆ ಸಾಲು ಕೆಂಪಾಗಿ ನಿಲ್ಲುತ್ತದೆ, ತಿದ್ದುವುದು ತುಂಬಿಸುವವರ ಕೈಯಲ್ಲಿರುತ್ತದೆ. ಟ್ಯಾಬ್ಲೆಟ್‌ನ ಪರದೆಯ ಕೀಬೋರ್ಡ್ ಸಾಮಾನ್ಯವಾಗಿ ಕೀಲಿಯ ಕೋಡನ್ನು ಕಳುಹಿಸುವುದಿಲ್ಲವಾದ್ದರಿಂದ ಶಾಪ್ ಫ್ಲೋರಿನಲ್ಲಿ ತುಂಬಿಸುವ ಅಳತೆಗಳಿಗೆ ಈ ಕೆಂಪು ಸಾಲೇ ಗತಿ. ಡೇಟಾಬೇಸ್‌ಗೆ ಹೋಗುವಾಗ ಎಲ್ಲ ಅಂಕಿಗಳೂ ಬಿಂದುವಿನ ರೂಪಕ್ಕೆ ತಿರುಗಿ, ವರದಿ ಅಚ್ಚಾಗುವಾಗ ಮತ್ತೆ ಅಲ್ಪವಿರಾಮ ಪಡೆಯುತ್ತವೆ.