ಗುಳ್ಳೆ ನಿಂತರೆ ಬಿಯರ್ ಆಯಿತು ಅಂತಲ್ಲ

ಬಿಯರ್ ಹುದುಗಲು ಇಟ್ಟ ಆರನೇ ದಿನಕ್ಕೆ ಏರ್‌ಲಾಕ್‌ನಲ್ಲಿ (ಪಾತ್ರೆಯ ಗ್ಯಾಸ್ ಹೊರಬಿಡುವ ನಳಿಗೆ) ಗುಳ್ಳೆ ಬರುವುದು ನಿಂತಿತ್ತು. ಇನ್ನು ಬಾಟಲಿಗೆ ತುಂಬೋಣ ಅಂದುಕೊಂಡೆ. ಸುಮ್ನೆ ಒಂದು ಸಲ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ, ತೇಲುವ ಗಾಜಿನ ಕೊಳವೆ) ಇಳಿಸಿ ನೋಡಿದರೆ 1.020! ಶುರುವಿನಲ್ಲಿ 1.050 ಇತ್ತು; ಸಕ್ಕರೆ ಖಾಲಿಯಾದಷ್ಟೂ ಈ ಅಂಕಿ ಇಳಿಯುತ್ತದೆ. ಯೀಸ್ಟ್ ಇನ್ನೂ ಸಕ್ಕರೆ ತಿನ್ನುತ್ತಲೇ ಇತ್ತು. ಮುಚ್ಚಳದ ಸಂದಿಯಿಂದ ಗ್ಯಾಸ್ ಸೋರುತ್ತಿತ್ತು, ಅಷ್ಟೇ. ಆವತ್ತೇ ತುಂಬಿದ್ದರೆ ಬಾಟಲಿಗಳು ಸಿಡಿಯುತ್ತಿದ್ದವೇನೋ. ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅಂದಿನಿಂದ ನಾನು ನಂಬುವುದು ಹೈಡ್ರೋಮೀಟರನ್ನು ಮಾತ್ರ. ಸ್ಯಾಂಪಲ್ಲನ್ನು ಚೆನ್ನಾಗಿ ಅಲ್ಲಾಡಿಸಿ ಗ್ಯಾಸ್ ಬಿಡಿಸುತ್ತೇನೆ. ಇಲ್ಲದಿದ್ದರೆ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿಕೊಂಡು ಅದನ್ನು ಮೇಲೆತ್ತುತ್ತವೆ, ಅಳತೆ ಜಾಸ್ತಿ ತೋರಿಸುತ್ತದೆ. ಮೂರು ದಿನ ಬಿಟ್ಟು ಮತ್ತೆ ಅಳೆಯುತ್ತೇನೆ. ಎರಡೂ ಒಂದೇ ಬರಬೇಕು. ಆ ಸಲ 1.012ಕ್ಕೆ ನಿಂತಿತು, ಹದಿನಾಲ್ಕನೇ ದಿನಕ್ಕೆ. ಅಳೆದ ಬಿಯರನ್ನು ವಾಪಸ್ ಸುರಿಯಬೇಡಿ, ಕುಡಿದು ನೋಡಿ. ನನ್ನದರಲ್ಲಿ ಆ ಹಸಿ ಸಿಹಿ ಪೂರ್ತಿ ಹೋಗಿತ್ತು.