ಬಿಲ್ ಹಾಕೋಕೆ ನಂಬರ್ ಬೇಕಿಲ್ಲ

ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಕೌಂಟರ್ ಮೇಲೆ ಇಡುತ್ತಿದ್ದ ಹಾಗೇ "ಮೊಬೈಲ್ ನಂಬರ್ ಹೇಳಿ" ಅಂತ ಕೇಳುತ್ತಾರಲ್ಲ, ಅದನ್ನು ಕೊಡದಿದ್ದರೂ ಬಿಲ್ ಆಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮೈಸೂರಿನ ಒಂದು ಸ್ಟೋರ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವವಳು. ಕ್ಯಾಶಿಯರ್ ಆಗಿ ಸೇರಿದ್ದೆ, ಈಗ ಎಲ್ಲ ಕೌಂಟರ್‌ಗಳ ಜವಾಬ್ದಾರಿ ನನ್ನದು. ನಾನು ಕೈ ಆಡಿಸಿದ ಎಲ್ಲ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲೂ ಒಂದು ಕೀ ಒತ್ತಿದರೆ ನಂಬರ್ ಕೇಳುವ ಪೆಟ್ಟಿಗೆ ಮುಚ್ಚಿಕೊಂಡು ಸ್ಕ್ಯಾನಿಂಗ್ ಶುರುವಾಗುತ್ತದೆ. "ಸಿಸ್ಟಮ್ ತಗೊಳಲ್ಲ ಮೇಡಂ" ಅಂತ ಯಾರಾದರೂ ಹೇಳಿದರೆ ಅದು ನಿಜ ಅಲ್ಲ. ಆದರೆ ಕೌಂಟರ್‌ನಲ್ಲಿ ನಿಂತ ಹುಡುಗಿ ಯಾಕೆ ಹಾಗೆ ಹೇಳುತ್ತಾಳೆ ಅನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಅವಳಿಗೆ ಟಾರ್ಗೆಟ್ ಇರುತ್ತದೆ. ನಂಬರ್ ಕ್ಯಾಪ್ಚರ್ ಅನ್ನುತ್ತೇವೆ. ದಿನಕ್ಕೆ ಹಾಕಿದ ಬಿಲ್‌ಗಳಲ್ಲಿ ನೂರಕ್ಕೆ ಎಷ್ಟರಲ್ಲಿ ಕಸ್ಟಮರ್ ನಂಬರ್ ಸೇರಿದೆ ಅನ್ನುವ ಲೆಕ್ಕ ಅದು. ಬೆಳಗ್ಗೆ ಶಟರ್ ತೆಗೆಯುವ ಮುಂಚಿನ ಮೀಟಿಂಗ್‌ನಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಅದನ್ನು ಓದುತ್ತಿದ್ದರು. 90 ದಾಟಿದವರಿಗೆ ಚಪ್ಪಾಳೆ. 70ರ ಕೆಳಗೆ ಬಿದ್ದವರಿಗೆ ಏರಿಯಾ ಮ್ಯಾನೇಜರ್ ಬಂದಾಗ ಎಲ್ಲರೆದುರು ಬೈಗುಳ. ತಿಂಗಳ ಕೊನೆಗೆ ಇನ್ಸೆಂಟಿವ್ ಅಂತ ಬರುವ ಅಷ್ಟೋ ಇಷ್ಟೋ ದುಡ್ಡೂ ಇದರ ಮೇಲೇ ನಿಂತಿತ್ತು. ದಿನವಿಡೀ ನಿಂತು ಕೆಲಸ ಮಾಡಿ, ಸಂಬಳದಲ್ಲಿ ಪಿಜಿ ಬಾಡಿಗೆ ಕಟ್ಟಿ, ಊರಿಗೂ ಒಂದಿಷ್ಟು ಕಳಿಸುವ ಹುಡುಗಿ ಆ ದುಡ್ಡು ಬಿಡೋಕೆ ಆಗುತ್ತಾ? ಕಸ್ಟಮರ್ ಬೇಡ ಅಂದರೆ ಇನ್ನೊಂದು ಸಲ ಕೇಳುತ್ತಾಳೆ. ಆಮೇಲೆ ಸಿಸ್ಟಮ್ ತಗೊಳಲ್ಲ ಅಂತ ತಪ್ಪನ್ನು ಸಿಸ್ಟಮ್ ಮೇಲೆ ಹಾಕುತ್ತಾಳೆ. ಅದಕ್ಕೂ ಬಗ್ಗದಿದ್ದರೆ ಹತ್ತು ಸಲ ಒಂಬತ್ತು ಒತ್ತುತ್ತಾಳೆ, ಇಲ್ಲಾ ಹಿಂದಿನ ಕಸ್ಟಮರ್ ನಂಬರನ್ನೇ ಮತ್ತೆ ಹಾಕಿಬಿಡುತ್ತಾಳೆ. ಹೀಗೆ ಯಾರದೋ ಸಾಮಾನು ಇನ್ಯಾರದೋ ಲೆಕ್ಕಕ್ಕೆ ಸೇರುತ್ತದೆ. ಹೆಡ್ ಆಫೀಸ್‌ನವರು ಅದನ್ನೇ ನಿಜ ಅಂತ ನಂಬಿ ಆಫರ್ ಪ್ಲಾನ್ ಮಾಡುತ್ತಾರೆ.

ಈ ಕೆಲಸದಲ್ಲಿ ನಾನು ಕಲಿತದ್ದು ಇದು: ಪ್ರೈವೆಸಿ ಪಾಲಿಸಿಯಲ್ಲಿ ಏನೇ ಬರೆದಿರಲಿ, ಬೆಳಗ್ಗಿನ ಮೀಟಿಂಗ್‌ನಲ್ಲಿ ಏನನ್ನು ಎಣಿಸುತ್ತಾರೋ ಕೌಂಟರ್‌ನಲ್ಲಿ ಅದೇ ನಡೆಯುತ್ತದೆ.

ನಂಬರ್ ಕೊಟ್ಟರೆ ಏನಾಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಒಂದು ಮೆಸೇಜ್ ಬರುತ್ತೆ, ಅಷ್ಟೇ ಅಲ್ವಾ ಅಂತ. ಪಾಯಿಂಟ್ಸ್ ಸೇರಿಸೋಕೆ ಅಂಗಡಿಯವರು ಕೊಡುತ್ತಿದ್ದ ಹಳೇ ಕಾಲದ ಪ್ಲಾಸ್ಟಿಕ್ ಕಾರ್ಡಿನ ಕೆಲಸವನ್ನು ಈಗ ನಮ್ಮಲ್ಲಿ ಮೊಬೈಲ್ ನಂಬರ್ ಮಾಡುತ್ತಿದೆ. ಬಿಲ್‌ನಲ್ಲಿರುವ ಒಂದೊಂದು ಸಾಲೂ ಆ ನಂಬರಿನ ಹೆಸರಲ್ಲಿ ಉಳಿಯುತ್ತದೆ. ಯಾವ ಸಾಮಾನು, ಎಷ್ಟು, ಯಾವ ದಿನ, ಎಷ್ಟು ಗಂಟೆಗೆ, ಕ್ಯಾಶಾ ಯುಪಿಐನಾ, ಎಲ್ಲ. ಒಂದು ವರ್ಷದ್ದು ಒಟ್ಟಿಗೆ ಇಟ್ಟು ನೋಡಿದರೆ ಆ ಮನೆಯವರು ನಮ್ಮ ಕಣ್ಣೆದುರು ಕೂತ ಹಾಗಿರುತ್ತದೆ. ಡೈಪರ್ ಸೈಜ್ ಸ್ಮಾಲ್‌ನಿಂದ ಮೀಡಿಯಂಗೆ ಹೋದರೆ ಮಗುವಿಗೆ ಎಷ್ಟು ತಿಂಗಳು ಅಂತ ಅಂದಾಜು ಸಿಗುತ್ತದೆ. ಸಕ್ಕರೆ ನಿಂತು ಶುಗರ್ ಫ್ರೀ ಶುರುವಾದರೆ, ಐದು ಕೇಜಿ ಅಕ್ಕಿ ಬ್ಯಾಗ್ ತರುತ್ತಿದ್ದವರು ಒಂದೊಂದೇ ಕೇಜಿ ತರೋಕೆ ಶುರುಮಾಡಿದರೆ, ಆ ಮನೆಯಲ್ಲಿ ಏನೋ ಬದಲಾಗಿದೆ ಅಂತ ಅಲ್ಲಿ ಕಾಣುತ್ತದೆ. ಪಕ್ಕದ ಮನೆಯವರಿಗೂ ಅವರು ಹೇಳಿಕೊಂಡಿರುವುದಿಲ್ಲ.

ಇದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಟೆಸ್ಕೋ ಅನ್ನುವ ಸೂಪರ್‌ಮಾರ್ಕೆಟ್‌ನವರು 1995ರಲ್ಲಿ ಕ್ಲಬ್‌ಕಾರ್ಡ್ ಅನ್ನುವ ಇಂಥದ್ದೇ ಪಾಯಿಂಟ್ಸ್ ಕಾರ್ಡ್ ಶುರುಮಾಡಿದರು. ಅದಕ್ಕೂ ಮುಂಚೆ ಕೆಲವು ಅಂಗಡಿಗಳಲ್ಲಿ ಪ್ರಯೋಗ ಮಾಡಿ ನೋಡಿದ್ದರು. ಆ ಲೆಕ್ಕವನ್ನು ತಂದು ತೋರಿಸಿದವರಿಗೆ ಆಗಿನ ಅಧ್ಯಕ್ಷ ಇಯಾನ್ ಮೆಕ್‌ಲಾರಿನ್ ಒಂದು ಮಾತು ಹೇಳಿದ್ದರಂತೆ. ತಾನು ಮೂವತ್ತು ವರ್ಷದಲ್ಲಿ ಕಸ್ಟಮರ್ ಬಗ್ಗೆ ತಿಳಿದುಕೊಂಡಿದ್ದಕ್ಕಿಂತ ಜಾಸ್ತಿ ನಿಮಗೆ ಮೂರು ತಿಂಗಳಲ್ಲಿ ಗೊತ್ತಾಗಿದೆ, ಅದೇ ಭಯ ಅಂತ. ಅಂಗಡಿ ನಡೆಸುವವರಿಗೇ ಆಗ ಭಯ ಆಗಿತ್ತು. ನಮ್ಮ ಸ್ಟೋರ್‌ನಲ್ಲಿ ಈ ಮಾಹಿತಿಗೆ ಬದಲಾಗಿ ಕೊಡುವುದು ನೂರು ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟ್‌ಗೆ 50 ಪೈಸೆ. ತಿಂಗಳಿಗೆ 4,000 ರೂಪಾಯಿ ಸಾಮಾನು ತಗೊಂಡವರಿಗೆ 20 ರೂಪಾಯಿ. ಅದು ಬೇಕು ಅನ್ನುವವರು ಇದ್ದಾರೆ, ತಪ್ಪೇನಿಲ್ಲ. ಏನು ಕೊಟ್ಟು ಏನು ತಗೊಳ್ಳುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಬೇಕು, ಅಷ್ಟೇ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಒಂದು ಮನೆಗೆ ಒಂದೇ ನಂಬರ್. ಅದು ಜಾಸ್ತಿ ಗಂಡಸರದ್ದೇ ಆಗಿರುತ್ತದೆ. ಒಂದು ಸಂಜೆ ಒಬ್ಬ ಹೆಣ್ಣುಮಗಳು, ಮದುವೆಯಾಗಿ ಹೊಸದು ಅಂತ ಕಾಣುತ್ತಿತ್ತು, ಟ್ರಾಲಿಯಲ್ಲಿದ್ದ ಬೇಳೆ, ಎಣ್ಣೆ, ಸೋಪು ಎಲ್ಲ ಬಿಲ್ ಮಾಡಿಸಿದಳು. ಆಮೇಲೆ ಪ್ರೆಗ್ನೆನ್ಸಿ ಕಿಟ್ ಒಂದನ್ನು ಪರ್ಸ್ ಕೆಳಗಿಂದ ತೆಗೆದು ಕೌಂಟರ್ ಮೇಲೆ ಮಗುಚಿ ಇಟ್ಟಳು. "ಅಕ್ಕ, ಇದೊಂದನ್ನ ಬೇರೆ ಬಿಲ್ ಮಾಡ್ತೀರಾ? ನಂಬರ್ ಹಾಕಬೇಡಿ, ಅದು ನಮ್ಮ ಮಾವನವರದ್ದು" ಅಂದಳು. ಆಗಷ್ಟೇ ಇ-ಬಿಲ್ ಶುರುವಾಗಿತ್ತು. ಬಿಲ್ ಆದ ತಕ್ಷಣ ಮೆಸೇಜ್‌ನಲ್ಲಿ ಲಿಂಕ್ ಹೋಗುತ್ತದೆ, ಒತ್ತಿದರೆ ಸಾಮಾನಿನ ಪಟ್ಟಿ ಪೂರ್ತಿ ತೆರೆದುಕೊಳ್ಳುತ್ತದೆ. ಅವಳು ತಾನೇ ಯೋಚಿಸಿ ಕೇಳಿದಳು. ಕೇಳೋಕೆ ಗೊತ್ತಾಗದವರು, ಸಂಕೋಚಪಟ್ಟು ಆ ಸಾಮಾನನ್ನೇ ಅಲ್ಲೇ ಬಿಟ್ಟು ಹೋದವರು ಎಷ್ಟು ಜನವೋ. ಅವತ್ತಿಂದ ನಮ್ಮ ಕೌಂಟರ್‌ಗಳಲ್ಲಿ ಇದಕ್ಕೆ ಒಂದು ಪದ್ಧತಿ ಮಾಡಿದೆವು. ಪ್ಯಾಡ್, ಕಾಂಡೋಮ್, ಕಿಟ್, ಇಂಥದ್ದು ಬಂದರೆ ಕ್ಯಾಶಿಯರ್ ತಾನಾಗಿಯೇ ಮೆತ್ತಗೆ "ಬೇರೆ ಬಿಲ್ ಬೇಕಾ?" ಅಂತ ಕೇಳಬೇಕು. ಜೋರಾಗಿ ಸಾಮಾನಿನ ಹೆಸರು ಹೇಳೋ ಹಾಗಿಲ್ಲ.

ಜೋರಾಗಿ ಅಂದಾಗ ನೆನಪಾಯಿತು, ಕ್ಯೂನಲ್ಲಿ ನಂಬರ್ ಹೇಳಿಸುವುದು ದೊಡ್ಡ ತೊಂದರೆ. ಭಾನುವಾರ ಸಂಜೆ ಹಾಡು, ಗಲಾಟೆ, ಮಕ್ಕಳ ಅಳು ಇದರ ನಡುವೆ ಹತ್ತು ಅಂಕಿ ಕೇಳಿಸದೆ ಕ್ಯಾಶಿಯರ್ ಮತ್ತೆ ಹೇಳಿ ಅನ್ನುತ್ತಾಳೆ. ಕಾಲೇಜು ಹುಡುಗಿ ಇನ್ನೂ ಜೋರಾಗಿ ಹೇಳುತ್ತಾಳೆ. ಕಸ್ಟಮರ್ ಕಡೆಗಿರುವ ಸ್ಕ್ರೀನ್ ಮೇಲೆ ಅವಳ ಹೆಸರೂ ಬರುತ್ತದೆ. ಹಿಂದೆ ನಿಂತವನಿಗೆ ಹೆಸರು, ನಂಬರ್ ಎರಡೂ ಸಿಕ್ಕಿದ ಹಾಗೆ. ಹೀಗೆ ಕೇಳಿಸಿಕೊಂಡು ಆಮೇಲೆ ಮೆಸೇಜ್ ಮಾಡಿದ ಅಂತ ಒಬ್ಬಳು ತಂಗಿಯ ಜೊತೆ ಬಂದು ನಮಗೆ ದೂರು ಕೊಟ್ಟಳು. ಆ ಹುಡುಗಿ ಮತ್ತೆ ನಮ್ಮ ಸ್ಟೋರ್‌ಗೆ ಬರಲೇ ಇಲ್ಲ. ಈಗ ನಂಬರ್ ಕೊಡಲು ಒಪ್ಪಿದವರ ಕೈಗೆ ಚಿಕ್ಕ ಕೀಪ್ಯಾಡ್ ಕೊಡುತ್ತೇವೆ, ಅವರೇ ಒತ್ತುತ್ತಾರೆ. ಸ್ಕ್ರೀನ್ ಮೇಲೆ ಹೆಸರು ಬರದ ಹಾಗೆ ಸೆಟ್ಟಿಂಗ್ ಬದಲಾಯಿಸಿ ಅಂತ ಐಟಿಯವರ ಹಿಂದೆ ಬಿದ್ದು ಮಾಡಿಸಿಕೊಂಡೆ. ದೊಡ್ಡ ಖರ್ಚೇನೂ ಆಗಲಿಲ್ಲ.

ಹೆಡ್ ಆಫೀಸ್ ಸರ್ವರ್‌ಗಿಂತ ನನಗೆ ಜಾಸ್ತಿ ಚಿಂತೆ ಆಗುವುದು ವಾಟ್ಸಾಪ್ ಬಗ್ಗೆ. ಎರಡು ತಿಂಗಳಿಂದ ಬರದ ಕಸ್ಟಮರ್‌ಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸ್ಟೋರ್ ಗ್ರೂಪ್‌ಗೆ ಹಾಕಿ, ನೀವು ಇಷ್ಟು ಜನಕ್ಕೆ, ನೀವು ಇಷ್ಟು ಜನಕ್ಕೆ ಫೋನ್ ಮಾಡಿ ಕರೀರಿ ಅಂತ ಹಂಚುವುದು ತುಂಬಾ ಕಡೆ ಇದೆ. ಹುಡುಗರು ಸ್ವಂತ ಫೋನ್‌ನಿಂದ ಕರೆ ಮಾಡುತ್ತಾರೆ. ನಮ್ಮ ಕೆಲಸದಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ಅವರು ಕೆಲಸ ಬಿಟ್ಟಾಗ ಆ ಪಟ್ಟಿಯೂ ಅವರ ಫೋನ್‌ನಲ್ಲೇ ಹೋಗುತ್ತದೆ. ನಾವು ಇದನ್ನು ನಿಲ್ಲಿಸಿದೆವು. ಲಕ್ಕಿ ಡಿಪ್ ಡಬ್ಬವೂ ಅಷ್ಟೇ. ದಸರಾ ಆಫರ್ ಮುಗಿದ ಮೇಲೆ ಹೆಸರು, ವಿಳಾಸ, ಫೋನ್ ಬರೆದ ಸಾವಿರಾರು ಚೀಟಿಗಳು ರಟ್ಟಿನ ಡಬ್ಬಗಳ ಜೊತೆ ಗುಜರಿಗೆ ಹೋಗುವುದನ್ನು ನೋಡಿ ಹೊಟ್ಟೆ ಉರಿಯಿತು. ಈಗ ಹರಿದು ಹಾಕಿಸಿಯೇ ಕಳಿಸುತ್ತೇನೆ.

ಏರಿಯಾ ಮ್ಯಾನೇಜರ್ ಹತ್ತಿರ ಟಾರ್ಗೆಟ್ ಬಗ್ಗೆ ಮಾತಾಡುವಾಗ ನನಗೆ ಕಾನೂನು ನೆರವಾಯಿತು. 2023ರ ಮೇನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಸೂಚನೆ ಕೊಟ್ಟಿತ್ತು: ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ, ಅದು ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಅಂತ. ಜಿಎಸ್‌ಟಿಗೆ ಬೇಕು ಅನ್ನುವ ನೆಪವೂ ನಡೆಯಲ್ಲ. ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗ್ರಾಹಕರ ಬಿಲ್ 50,000 ರೂಪಾಯಿ ಒಳಗಿದ್ದರೆ ಹೆಸರು, ವಿಳಾಸ ಕೂಡ ಕಡ್ಡಾಯ ಇಲ್ಲ. ಮ್ಯಾನೇಜರ್ ಕೂಡಲೇ ಒಪ್ಪಲಿಲ್ಲ. ಕೊನೆಗೆ ನಮ್ಮ ಸ್ಟೋರ್‌ನಲ್ಲಿ ಮಾತ್ರ ಕ್ಯಾಪ್ಚರ್ ಲೆಕ್ಕವನ್ನು ಇನ್ಸೆಂಟಿವ್‌ನಿಂದ ಹೊರಗಿಟ್ಟು ನೋಡೋಣ ಅಂದರು. ಕೇಳುವ ಮಾತನ್ನೂ ಬದಲಾಯಿಸಿದೆವು. "ನಂಬರ್ ಹೇಳಿ" ಅನ್ನುವ ಬದಲು "ಪಾಯಿಂಟ್ಸ್ ಬೇಕಾ ಸರ್, ಬೇಕಿದ್ದರೆ ಮಾತ್ರ ನಂಬರ್". ಕ್ಯಾಪ್ಚರ್ ಕಡಿಮೆಯಾಯಿತು, ನಿಜ. ಆದರೆ ಒಂಬತ್ತು ಒತ್ತುವುದು ನಿಂತುಹೋಯಿತು, ಕೌಂಟರ್‌ನಲ್ಲಿ ಜಗಳ ಕಡಿಮೆಯಾಯಿತು, ಇರುವ ನಂಬರ್ ನಿಜವಾದ ಜನರದ್ದಾಯಿತು. ಹುಡುಗಿಯರ ಮುಖದಲ್ಲಿ ನಿರಾಳ ಕಂಡಿತು. ನನಗೆ ಅದು ಮುಖ್ಯ.

ಒಂದು ಕೆಲಸ ಇನ್ನೂ ಬಾಕಿ ಇದೆ, ಹಳೇ ನಂಬರ್ ತೆಗೆಸುವುದು. ಕೊಡೋಕೆ ಒಂದು ನಿಮಿಷವೂ ಬೇಡ, ತೆಗೆಸೋಕೆ ತಿಂಗಳುಗಟ್ಟಲೆ ಓಡಾಟ. ತೀರಿಹೋದ ಯಜಮಾನರ ಹೆಸರಲ್ಲಿ ಹುಟ್ಟುಹಬ್ಬದ ಶುಭಾಶಯ ಬರುತ್ತದೆ, ದಯವಿಟ್ಟು ನಿಲ್ಲಿಸಿ ಅಂತ ಒಬ್ಬ ಅಮ್ಮ ಕೇಳಿಕೊಂಡರು. ಸ್ಟೋರ್‌ನಲ್ಲಿ ಕೂತು ನಮಗೆ ಅದನ್ನು ಅಳಿಸೋಕೆ ಅಧಿಕಾರ ಇಲ್ಲ. ಅವರ ಪರವಾಗಿ ನಾನೇ ಹೆಡ್ ಆಫೀಸ್‌ಗೆ ಮೇಲ್ ಮೇಲೆ ಮೇಲ್ ಹಾಕಬೇಕಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು ಅಂತಿದೆ. ಯಾವುದಕ್ಕೆ ಮಾಹಿತಿ ತಗೊಳ್ಳುತ್ತೇವೆ ಅನ್ನುವ ನೋಟಿಸನ್ನು ಕನ್ನಡದಲ್ಲಿ ಬೇಕು ಅಂದರೆ ಕನ್ನಡದಲ್ಲೇ ಕೊಡಬೇಕು. ಭದ್ರತೆಯಲ್ಲಿ ಲೋಪ ಆದರೆ ದಂಡ 250 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಅಂಗಡಿಗಳಿಗೆ ತಟ್ಟುವ ಮುಖ್ಯ ಭಾಗಕ್ಕೆ ಅಲ್ಲಿಂದ 18 ತಿಂಗಳ ಗಡುವು ಇದೆ.

ಅಲ್ಲಿವರೆಗೆ ಕಾಯಬೇಕಾಗಿಲ್ಲ, ಹೆಲ್ಪ್ ಡೆಸ್ಕ್‌ನಲ್ಲೇ ನಂಬರ್ ಅಳಿಸುವ ಬಟನ್ ಕೊಡಿ ಅಂತ ನಾನು ಬರೆದು ಕೇಳಿದ್ದೇನೆ. ಇನ್ನೂ ಬಂದಿಲ್ಲ. ಈಗಲೇ ತೆಗೆಸಬೇಕು ಅನ್ನುವವರು ಬಿಲ್ ಕೆಳಗಿರುವ ಕಸ್ಟಮರ್ ಕೇರ್ ಇಮೇಲ್‌ಗೆ ಬರೆಯಿರಿ. ನಂಬರ್ ಮಾತ್ರ ಅಲ್ಲ, ಅದರ ಜೊತೆಗಿರುವ ಖರೀದಿ ವಿವರವನ್ನೂ ಅಳಿಸಿ ಅಂತ ಸ್ಪಷ್ಟವಾಗಿ ಬರೆಯಿರಿ, ಅವರು ಕೊಟ್ಟ ಉತ್ತರ ಇಟ್ಟುಕೊಳ್ಳಿ. ನಂಬರ್ ಇಲ್ಲದೆ ಬಿಲ್ ಕೊಡಲ್ಲ ಅಂತ ಯಾರಾದರೂ ಹಟ ಹಿಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮತ್ತೆ ಒಂದು ಕೋರಿಕೆ, ಕೌಂಟರ್‌ನಲ್ಲಿ ನಿಂತ ಹುಡುಗಿಯ ಮೇಲೆ ಕೂಗಾಡಬೇಡಿ, ಸ್ಟೋರ್ ಮ್ಯಾನೇಜರ್‌ನ ಕರೆಸಿ ಕೇಳಿ.